ಕಂಕುಳಿನ ಗ್ರಂಥಿ: ಅಂಜಿಕೆ ಬೇಡ, ಅಲಕ್ಷ್ಯವೂ ಬೇಡ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ದಂಪತಿಗಳು ಕೆಲವೊಮ್ಮೆ ಸ್ಕ್ಯಾನಿಂಗ್ ವರದಿಯೊಂದನ್ನು ಹಿಡಿದು ಆತಂಕದಿಂದ ನಮ್ಮ ಬಳಿಗೆ ಬರುವುದುಂಟು. ಪತ್ನಿ ಆರೋಗ್ಯವಾಗಿಯೇ ಇದ್ದಾರೆ. ಆದರೆ ಕಂಕುಳಿನಲ್ಲಿ ದುಗ್ಧರಸ ಗ್ರಂಥಿಗಳು ಕಂಡಿವೆ ಎಂದು ವರದಿಯಲ್ಲಿ ಬರೆದಿದೆ. ಇದು ಕ್ಯಾನ್ಸರ್ ರೋಗವೇ ಎಂಬುದೇ ಅವರ ಪ್ರಶ್ನೆ.

ಈ ಗ್ರಂಥಿಗಳು ಸ್ತ್ರೀಪುರುಷರೆಲ್ಲರಲ್ಲಿಯೂ ಹುಟ್ಟಿನಿಂದಲೇ ಇರುತ್ತವೆ. ಒಂದೊಂದು ಕಂಕುಳಿನಲ್ಲಿಯೂ ಸಾಮಾನ್ಯವಾಗಿ 20ರಿಂದ 40 ಇರುತ್ತವೆ. ತೋಳು ಮತ್ತು ಸ್ತನದ ಕಡೆಯಿಂದ ಹರಿದು ಬರುವ ದುಗ್ಧರಸವನ್ನು ಸೋಸಿ ರೋಗಾಣುಗಳನ್ನು ತಡೆಯುವುದು ಅವುಗಳ ಕಾರ್ಯ. ತೋಟದಲ್ಲಿ ಕೈಗೆ ಮುಳ್ಳು ಚುಚ್ಚಿ ಕೀವಾದಾಗ, ಹಾಲೂಡಿಸುವ ತಾಯಿಯ ಸ್ತನ ಬಾತಾಗ, ತೋಳಿಗೆ ಲಸಿಕೆ ಹಾಕಿಸಿಕೊಂಡಾಗ ಅವು ಕೆಲವು ದಿನ ಊದಿಕೊಳ್ಳುತ್ತವೆ. 2021ರಲ್ಲಿ ಕೋವಿಡ್ ಲಸಿಕೆ ಪಡೆದ ಕೆಲವರಲ್ಲಿಯೂ ಹೀಗಾಗಿತ್ತು.

ಸ್ಕ್ಯಾನಿಂಗ್ ಕೇವಲ ಗರ್ಭಿಣಿಯರಿಗಾಗಿ ಇರುವುದಲ್ಲ. ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಅದು ಚಿತ್ರ ತೆಗೆಯುತ್ತದೆ. ಅದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಆರೋಗ್ಯವಂತ ಗ್ರಂಥಿಯು ಅವರೆಬೀಜದ ಆಕಾರದಲ್ಲಿ ಕಾಣುತ್ತದೆ. ಅದರ ಕಪ್ಪಾದ ಹೊರ ಅಂಚು ತೆಳುವಾಗಿದ್ದು, ಸಾಮಾನ್ಯವಾಗಿ 3 ಮಿಲಿಮೀಟರನ್ನು ಮೀರುವುದಿಲ್ಲ. ನಡುವೆ ಕೊಬ್ಬಿನ ಬಿಳಿಯ ಭಾಗವಿರುತ್ತದೆ. ಕೊಬ್ಬು ಹೆಚ್ಚಿದ್ದರೆ ಗ್ರಂಥಿ ಉದ್ದವಾಗಿ ತೋರಬಹುದು. ಅಷ್ಟರಿಂದಲೇ ಅದು ರೋಗವಾಗದು. ಆದರೆ ಅಂಚು ದಪ್ಪನಾಗಿ, ಬಿಳಿಯ ಭಾಗ ಅಳಿದು, ಗ್ರಂಥಿ ದುಂಡಾಗಿದ್ದರೆ ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸುವುದು ಅಗತ್ಯವಾಗಬಹುದು.

ಅಲಕ್ಷಿಸಬಾರದ ಚಿಹ್ನೆಗಳೂ ಇವೆ. ಎರಡು ವಾರ ಕಳೆದರೂ ಇಳಿಯದ ಗಟ್ಟಿಯಾದ ಗಂಟು, ಸ್ತನದಲ್ಲಿ ಗಂಟು, ಚರ್ಮ ಒಳಕ್ಕೆ ಸೆಳೆದುಕೊಂಡಿರುವುದು, ತೊಟ್ಟಿನಿಂದ ರಕ್ತ ಒಸರುವುದು—ಇವುಗಳಲ್ಲಿ ಒಂದು ಕಂಡರೂ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಕಾಡಿಗೆ ಹೋಗಿ ಬಂದವರಿಗೆ ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈನೋವು ಬಂದರೆ, ಗ್ರಂಥಿ ಬಾತಿರಲಿ ಬಿಡಲಿ, ಮಂಗನ ಕಾಯಿಲೆಯ ರಕ್ತಪರೀಕ್ಷೆಗೆ ತಡಮಾಡದೆ ಬನ್ನಿ.

ಗೃಹಿಣಿಯರು ಇಂತಹ ಗಂಟನ್ನು ಸಂಕೋಚದಿಂದ ಗಂಡನಿಗೂ ಹೇಳದೆ ಮುಚ್ಚಿಡುವುದುಂಟು. ಹೇಳಿದರೂ ಅಡಿಕೆ ಕೊಯ್ಲು ಮುಗಿಯಲಿ ಎಂದು ತಿಂಗಳುಗಟ್ಟಲೆ ಮುಂದೂಡುವುದುಂಟು. ಸ್ತನದ ಕ್ಯಾನ್ಸರನ್ನು ಮೊದಲ ಹಂತದಲ್ಲಿಯೇ ಕಂಡುಹಿಡಿದರೆ ಗುಣಪಡಿಸುವ ಸಾಧ್ಯತೆ ಬಹಳ ಹೆಚ್ಚು. ತಡವಾದಷ್ಟೂ ಆ ಅವಕಾಶ ಕುಗ್ಗುತ್ತದೆ. ಆದುದರಿಂದ ಪುರುಷರು ಪತ್ನಿಗೆ ಧೈರ್ಯ ಹೇಳಿ, ತಾವೇ ಜೊತೆಗೆ ಕರೆತರಬೇಕು. 30 ವರ್ಷ ದಾಟಿದ ಸ್ತ್ರೀಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆ ಉಚಿತ. ಬರುವಾಗ ಹಳೆಯ ವರದಿಗಳನ್ನೂ ತಪ್ಪದೆ ತನ್ನಿ.