ರೊಟ್ಟಿಯ ಜೊತೆಗಿನ ಬಳ್ಳೊಳ್ಳಿ



ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವ ಮನೆಯ ಊಟದ ತಾಟು ನೋಡಿದರೂ ಅಲ್ಲಿ ಬಳ್ಳೊಳ್ಳಿ ಇದ್ದೇ ಇರುತ್ತದೆ. ತೊಗರಿಬ್ಯಾಳಿಯ ಒಗ್ಗರಣೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಎಳ್ಳಮಾಸಿಯ ಹೊಲದೂಟಕ್ಕೆ ಮಾಡುವ ಭಜ್ಜಿ ಎಲ್ಲಕ್ಕೂ ಅದು ಬೇಕು. ಏನೂ ಇಲ್ಲದ ದಿನ ಬಿಳಿಜೋಳದ ರೊಟ್ಟಿಯ ಮೇಲೆ ಬಳ್ಳೊಳ್ಳಿ ಖಾರ, ಒಂದಿಷ್ಟು ಎಣ್ಣೆ, ಒಂದು ಉಳ್ಳಾಗಡ್ಡಿ ಇದ್ದರೆ ಊಟ ಆಯಿತು. ಇಷ್ಟು ಹಳೆಯ ಬಳಕೆಯ ಪದಾರ್ಥದ ಆರೋಗ್ಯಗುಣ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದು, ಬಳ್ಳೊಳ್ಳಿ ಹೃದಯ, ರಕ್ತದೊತ್ತಡ, ಶೀತ, ಕ್ಯಾನ್ಸರ್ ಎಲ್ಲಕ್ಕೂ ಮದ್ದು. ಇನ್ನೊಂದು, ಇವೆಲ್ಲ ಅಜ್ಜಿ ಕಾಲದ ನಂಬಿಕೆ. ಇವೆರಡೂ ಒಂದೇ ತಪ್ಪು ಮಾಡುತ್ತವೆ ಎಂಬುದು ನನ್ನ ವಾದ. ಎರಡೂ ಬಳ್ಳೊಳ್ಳಿಯನ್ನು ತಾಟಿನಿಂದ ಎತ್ತಿ ಬೇರೆ ಇಟ್ಟು ನೋಡುತ್ತವೆ. ಅದನ್ನು ರೊಟ್ಟಿ, ಬ್ಯಾಳಿಯ ಜೊತೆಗೇ ಇಟ್ಟು ನೋಡಿದರೆ ಅದರ ದೊಡ್ಡ ಉಪಕಾರ ಕಾಣುತ್ತದೆ. ಧಾನ್ಯದೊಳಗೆ ಸಿಕ್ಕಿಕೊಂಡ ಕಬ್ಬಿಣ ಮತ್ತು ಸತುವನ್ನು ಬಿಡಿಸಿ ದೇಹಕ್ಕೆ ಎಟಕುವಂತೆ ಮಾಡಲು ಅದು ನೆರವಾಗುತ್ತದೆ. ರಕ್ತಹೀನತೆ ಬೇರೂರಿರುವ ನಮ್ಮ ಭಾಗಕ್ಕೆ ಇದಕ್ಕಿಂತ ಹತ್ತಿರದ ಮಾತು ಇನ್ನೊಂದಿಲ್ಲ.

ಮೊದಲು ನಮ್ಮ ಕಷ್ಟ ಯಾವುದೆಂದು ನೋಡೋಣ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ ಇದೆ. ಹಿಂದಿನ ಸಮೀಕ್ಷೆಗಿಂತ ಈ ಎರಡೂ ಅಂಕಿ ಏರಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಆಹಾರದಲ್ಲಿ ಸಿಗಬೇಕು. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ ಉಂಡರೆ 12 ಮಿಲಿಗ್ರಾಂ ಆಯಿತು. ಆದರೆ ಉಂಡದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಜೋಳ, ತೊಗರಿ, ಕಡಲೆಯಂಥ ಎಲ್ಲ ಬೀಜಗಳಲ್ಲೂ ಫೈಟಿಕ್ ಆಮ್ಲ ಇರುತ್ತದೆ. ಮೊಳೆಯುವ ಸಸಿಗೆ ರಂಜಕವನ್ನು ಕೂಡಿಡುವುದು ಅದರ ಕೆಲಸ. ಅದೇ ಆಮ್ಲ ನಮ್ಮ ಕರುಳಿನಲ್ಲಿ ಕಬ್ಬಿಣ, ಸತುವನ್ನು ಬಿಗಿಹಿಡಿದು ಹೀರಲಾಗದಂತೆ ಮಾಡುತ್ತದೆ. ಧಾನ್ಯವೇ ಮುಖ್ಯವಾದ ಊಟದಲ್ಲಿ ಕಬ್ಬಿಣದ ಹತ್ತರಲ್ಲಿ ಒಂದು ಪಾಲು ದೇಹ ಸೇರುವುದೂ ಕಷ್ಟ. ಆ 12 ಮಿಲಿಗ್ರಾಂನಲ್ಲಿ ರಕ್ತಕ್ಕೆ ದಕ್ಕುವುದು ಒಂದರ ಆಸುಪಾಸು. ಅಂದರೆ ಹೊಟ್ಟೆ ತುಂಬ ಉಂಡವರಿಗೂ ಒಳಗೆ ಕೊರತೆ ಉಳಿಯುತ್ತದೆ. ಆದ್ದರಿಂದ ತಾಟಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಕೇಳಿದರೆ ಸಾಲದು, ಅದನ್ನು ಬಿಡಿಸಿಕೊಡುವ ಪದಾರ್ಥ ಅದೇ ತಾಟಿನಲ್ಲಿ ಇದೆಯೇ ಎಂದೂ ಕೇಳಬೇಕು.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮದೇ ರಾಜ್ಯದವರು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕಲ್ಪನಾ ಪ್ಲೇಟೆಲ್, ಕೃಷ್ಣಪುರ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು ಮಸಾಲೆ ಪದಾರ್ಥಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. 2010ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ಬಳ್ಳೊಳ್ಳಿ ಮತ್ತು ಉಳ್ಳಾಗಡ್ಡಿಯನ್ನು ಕುರಿತದ್ದು. ಎರಡರಲ್ಲೂ ಗಂಧಕದ ಸಂಯುಕ್ತಗಳು ಹೇರಳವಾಗಿರುವುದೇ ಆ ಆಯ್ಕೆಗೆ ಕಾರಣ. ಎರಡು ಬಗೆಯ ಧಾನ್ಯ, ಎರಡು ಬಗೆಯ ಬೇಳೆಕಾಳು ತೆಗೆದುಕೊಂಡು, ಹಸಿಯಾಗಿಯೂ ಬೇಯಿಸಿಯೂ ಬಳ್ಳೊಳ್ಳಿ, ಉಳ್ಳಾಗಡ್ಡಿ ಬೆರೆಸಿ, ಜಠರ ಮತ್ತು ಕರುಳಿನ ಜೀರ್ಣಕ್ರಿಯೆಯನ್ನು ಪಾತ್ರೆಯಲ್ಲಿ ಅನುಕರಿಸಿ, ಎಷ್ಟು ಖನಿಜ ಬಿಡುಗಡೆಯಾಗುತ್ತದೆ ಎಂದು ಅಳೆದರು. ಬಿಡುಗಡೆಯಾದ ಕಬ್ಬಿಣ ಸುಮಾರು ಶೇಕಡಾ 9ರಿಂದ 73ರ ತನಕ ಹೆಚ್ಚಿತು. ಧಾನ್ಯ, ಬೇಳೆಕಾಳು ಎರಡರಲ್ಲೂ ಸತುವಿನ ಬಿಡುಗಡೆಯೂ ಏರಿತು. ಇಲ್ಲಿ ಗಮನಿಸಬೇಕಾದದ್ದು ಬಳಸಿದ ಪ್ರಮಾಣ. 10 ಗ್ರಾಂ ಧಾನ್ಯಕ್ಕೆ ಅವರು ಹಾಕಿದ್ದು ಕಾಲು ಗ್ರಾಂ ಅಥವಾ ಅರ್ಧ ಗ್ರಾಂ ಬಳ್ಳೊಳ್ಳಿ. 100 ಗ್ರಾಂ ಹಿಟ್ಟಿನ ಲೆಕ್ಕಕ್ಕೆ ತಂದರೆ ಎರಡೂವರೆಯಿಂದ ಐದು ಗ್ರಾಂ, ಅಂದರೆ ಒಂದೆರಡು ಎಸಳು. ಉಳ್ಳಾಗಡ್ಡಿಯಾದರೆ 15ರಿಂದ 30 ಗ್ರಾಂ. ಇದು ಔಷಧದ ಅಳತೆಯಲ್ಲ, ಅಡಿಗೆಯ ಅಳತೆ. ನಮ್ಮ ಹೆಣ್ಣುಮಕ್ಕಳು ಕೈಯಂದಾಜಿನಲ್ಲಿ ಹಾಕುತ್ತ ಬಂದದ್ದೂ ಹೆಚ್ಚುಕಡಿಮೆ ಇಷ್ಟೇ.

ಬಳ್ಳೊಳ್ಳಿಯ ಒಳಗೆ ನಡೆಯುವುದನ್ನು ಕಲಬತ್ತದ ಹತ್ತಿರ ಕೂತೇ ಗುರುತಿಸಬಹುದು. ಇಡಿ ಎಸಳನ್ನು ಮೂಗಿಗೆ ಹಿಡಿದರೆ ಘಾಟು ಇರುವುದಿಲ್ಲ. ಖಾರದಪುಡಿ, ಉಪ್ಪು, ಜೀರಿಗೆ ಹಾಕಿ ಒಂದೆರಡು ಏಟು ಕುಟ್ಟಿದ ಕೂಡಲೇ ಘಾಟು ಅಡಿಗೆಮನೆ ತುಂಬುತ್ತದೆ. ಎಸಳಿನ ಜೀವಕೋಶಗಳಲ್ಲಿ ಅಲಿಯಿನ್ ಎಂಬ ಗಂಧಕದ ಸಂಯುಕ್ತ ಒಂದು ಕಡೆ, ಅಲಿಯಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕೋಶ ಒಡೆದಾಗ ಅವು ಕೂಡಿ ಅಲಿಸಿನ್ ಹುಟ್ಟುತ್ತದೆ. 1944ರಲ್ಲಿ ಚೆಸ್ಟರ್ ಕವಲಿಟೊ ಮತ್ತು ಜಾನ್ ಬೈಲಿ ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವ ಅದರ ಗುಣವನ್ನು ತೋರಿಸಿದರು. ಕಾಯಿಸಿದರೆ ಕಿಣ್ವ ಸಾಯುತ್ತದೆ. ಹಾಗಾಗಿ ಇಡಿ ಎಸಳನ್ನು ಕಾದ ಎಣ್ಣೆಗೆ ಬಿಟ್ಟರೆ ಅಲಿಸಿನ್ ಹುಟ್ಟುವುದಿಲ್ಲ. ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿದರೆ ಅಷ್ಟರೊಳಗೆ ಹುಟ್ಟಿದ ಗಂಧಕದ ಸಂಯುಕ್ತಗಳಲ್ಲಿ ಒಂದಿಷ್ಟಾದರೂ ಉಳಿಯುತ್ತವೆ. ಆದರೆ ಮೈಸೂರಿನ ಅಧ್ಯಯನದಲ್ಲಿ ಬೇಯಿಸಿದ ಧಾನ್ಯದಲ್ಲೂ ಕಬ್ಬಿಣದ ಬಿಡುಗಡೆ ಹೆಚ್ಚಿದ್ದನ್ನು ನೆನಪಿಡಬೇಕು. ಹಸಿಯಾಗಿ ನುಂಗಿದರೆ ಮಾತ್ರ ಗುಣ ಎಂಬ ಮಾತಿಗೆ ಈ ವಿಷಯದಲ್ಲಿ ಆಧಾರವಿಲ್ಲ. ಹಿಂಡಿಯಲ್ಲಿರುವ ಬಳ್ಳೊಳ್ಳಿಗೂ ಬ್ಯಾಳಿಯಲ್ಲಿ ಬೆಂದ ಬಳ್ಳೊಳ್ಳಿಗೂ ಕೆಲಸ ಇದೆ.

ಪಾತ್ರೆಯಲ್ಲಿ ಕಂಡದ್ದು ಮನುಷ್ಯನ ದೇಹದಲ್ಲೂ ಹಾಗೇ ನಡೆಯುತ್ತದೆಯೆ ಎಂದು ವೈದ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಯೋಗಾಲಯ ಅಳೆದದ್ದು ಹೀರಲು ಸಿದ್ಧವಾದ ಕಬ್ಬಿಣವನ್ನು, ರಕ್ತದ ಹಿಮೋಗ್ಲೋಬಿನನ್ನಲ್ಲ. ಅದಕ್ಕೇ ನನ್ನ ವಾದವನ್ನು ಒಂದು ಮಿತಿಯೊಳಗೆ ಇಡುತ್ತೇನೆ. ರಕ್ತ ಕಡಿಮೆಯಾದ ಬಸುರಿಗೆ ಬಳ್ಳೊಳ್ಳಿ ಖಾರ ಮದ್ದಲ್ಲ. ಆಕೆಗೆ ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆಯೇ ಬೇಕು. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಈ ಮಾತ್ರೆಗಳನ್ನು ಪುಕ್ಕಟೆ ಕೊಡುತ್ತದೆ. ಜಂತುಹುಳು, ಹೆಚ್ಚಿನ ಮುಟ್ಟಿನ ಸ್ರಾವ, ಎಳೆವಯಸ್ಸಿನ ಮದುವೆ, ಬೆನ್ನುಬೆನ್ನಿಗೆ ಹೆರಿಗೆ ಇವುಗಳನ್ನು ಯಾವ ಮಸಾಲೆಯೂ ಸರಿಪಡಿಸದು. ಆದರೆ ಮಾತ್ರೆ ಕೆಲವು ತಿಂಗಳ ಮಾತು, ಊಟ ಜೀವಮಾನದ್ದು. ಪ್ರತಿ ಹೊತ್ತಿನ ಊಟದಲ್ಲೂ ಸ್ವಲ್ಪ ಹೆಚ್ಚು ಕಬ್ಬಿಣ ಬಿಡುಗಡೆಯಾಗುವ ಹಾಗೆ ಅಡಿಗೆ ಮಾಡುವುದಕ್ಕೆ ಅಡ್ಡಿ ಏನೂ ಇಲ್ಲ, ಅಪಾಯವಂತೂ ಇಲ್ಲ. ದುಬಾರಿ ಚಿಕಿತ್ಸೆಯ ಬಗ್ಗೆ ಮಾತಾಡುವಾಗ ಪೂರ್ಣ ಪುರಾವೆ ಬರುವ ತನಕ ಕಾಯಬೇಕು. ತಲೆತಲಾಂತರದಿಂದ ಉಣ್ಣುತ್ತಿರುವ ಅಡಿಗೆಯನ್ನು ಉಳಿಸಿಕೊಳ್ಳಲು ಇಷ್ಟು ಪುರಾವೆ ಸಾಕು.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಬಳ್ಳೊಳ್ಳಿಯ ಮಹಿಮೆ ಇಷ್ಟೇ ಏನು, ಹೃದಯದ ಮಾತು ಯಾಕೆ ಬಿಟ್ಟಿರಿ ಎಂದು ಕೇಳುವವರಿದ್ದಾರೆ. ಮಹಿಮೆಯ ಮಾತು ಹಳೆಯದು. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಬಳಿ ಸಿಕ್ಕ ಸಂಸ್ಕೃತದ ಬೋವರ್ ಹಸ್ತಪ್ರತಿಯಲ್ಲಿ ಬಳ್ಳೊಳ್ಳಿಗೇ ಒಂದು ಭಾಗ ಮೀಸಲಾಗಿದೆ. ಆದರೆ ಹಳೆಯ ಹೊಗಳಿಕೆಯನ್ನು ಹೊಸ ಪರೀಕ್ಷೆಗೆ ಒಡ್ಡಲೇಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿದ್ದ 192 ಮಂದಿಗೆ ವಾರಕ್ಕೆ ಆರು ದಿನದಂತೆ ಆರು ತಿಂಗಳು ಹಸಿ ಬಳ್ಳೊಳ್ಳಿ, ಎರಡು ಬಗೆಯ ಬಳ್ಳೊಳ್ಳಿ ಮಾತ್ರೆ ಇಲ್ಲವೇ ಹುಸಿಮಾತ್ರೆ ಕೊಟ್ಟು ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯಾವುದರಿಂದಲೂ ಕೆಟ್ಟ ಕೊಲೆಸ್ಟರಾಲ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ರಕ್ತದೊತ್ತಡ ಹೆಚ್ಚಿರುವವರಲ್ಲಿ ಮಾತ್ರ ಬಳ್ಳೊಳ್ಳಿಯ ಮಾತ್ರೆಗಳು ಒತ್ತಡವನ್ನು ಒಂದಿಷ್ಟು ಇಳಿಸುತ್ತವೆ ಎಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ ವಿಶ್ಲೇಷಣೆಗಳು ಹೇಳುತ್ತವೆ. ಹಾಗೆಂದು ಬಿಪಿ ಮಾತ್ರೆ ಬಿಟ್ಟು ಮುಂಜಾನೆ ಎರಡು ಎಸಳು ನುಂಗಿ ಸುಮ್ಮನಾಗುವುದು ಜೀವಕ್ಕೆ ಕುತ್ತು. ಬಳ್ಳೊಳ್ಳಿ ಹೆಚ್ಚಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಶಸ್ತ್ರಚಿಕಿತ್ಸೆಗೆ ಹೋಗುವವರು ವೈದ್ಯರಿಗೆ ಹೇಳದೆ ಬಳ್ಳೊಳ್ಳಿ ಮಾತ್ರೆ ತಿನ್ನಬಾರದು. ಹಸಿ ಬಳ್ಳೊಳ್ಳಿ ಅರೆದು ಗಾಯಕ್ಕೆ, ಕೂಸಿನ ಮೈಗೆ ಕಟ್ಟಿದರೆ ಚರ್ಮ ಸುಡುತ್ತದೆ. ಒಂಟಿಯಾಗಿ ಪರೀಕ್ಷೆಗೆ ನಿಂತಾಗ ಬಳ್ಳೊಳ್ಳಿಯ ಸಾಧನೆ ಸಾಧಾರಣ. ಊಟದ ಜೊತೆಗಾರನಾಗಿ ಮಾಡುವ ಕೆಲಸವನ್ನು ಮಾತ್ರೆಯ ಡಬ್ಬಿ ಮಾಡದು.

ವ್ರತ, ಆಚಾರದ ಕಾರಣಕ್ಕೆ ಬಳ್ಳೊಳ್ಳಿ ಮುಟ್ಟದವರು ಏನು ಮಾಡಬೇಕು? ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಈ ಕೆಲಸ ಬಳ್ಳೊಳ್ಳಿಯೊಂದರ ಗುತ್ತಿಗೆಯೂ ಅಲ್ಲ. ನಿಂಬೆಯ ಹುಳಿ, ಸಿ ಜೀವಸತ್ವ ಧಾನ್ಯದ ಕಬ್ಬಿಣವನ್ನು ಹೀರಲು ನೆರವಾಗುತ್ತವೆ ಎಂಬುದು ಬಹಳ ಗಟ್ಟಿಯಾದ ತಿಳಿವಳಿಕೆ. ಅಫಜಲಪುರದ ನೆರೆಯಲ್ಲೇ ಇಂಡಿ ತಾಲ್ಲೂಕಿದೆ, ಅಲ್ಲಿನ ನಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಊಟದ ಜೊತೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೂ ಆ ಉಪಕಾರ ಆಗುತ್ತದೆ. ಆದರೆ ಒಬ್ಬರ ವ್ರತ ಎಲ್ಲ ಮಕ್ಕಳ ತಾಟಿನ ನಿಯಮವಾಗಬಾರದು. ಶಾಲೆಯ ಬಿಸಿಯೂಟದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರಬೇಕೋ ಬೇಡವೋ ಎಂಬ ಚರ್ಚೆ ನಮ್ಮ ರಾಜ್ಯದಲ್ಲಿ ನಡೆದಿದೆ. ಆ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಳ್ಳೊಳ್ಳಿ ಉಣ್ಣುವ ಮನೆಯ ಮಕ್ಕಳಿಗೆ ಅದಿಲ್ಲದ ಸಾರು ಬಡಿಸಿದರೆ ರುಚಿಯ ಜೊತೆಗೆ ದಕ್ಕಬಹುದಾಗಿದ್ದ ಕಬ್ಬಿಣವನ್ನೂ ಕಳೆದಂತಾಗುತ್ತದೆ.

ಬೆಲೆಯ ಮಾತು ಇನ್ನೂ ಗಂಭೀರ. 2024ರಲ್ಲಿ ಬಳ್ಳೊಳ್ಳಿ ಕಿಲೋಗೆ 400 ರೂಪಾಯಿ ಮುಟ್ಟಿತು. ಆಗ ಒಬ್ಬರಿಗೆ 10 ಗ್ರಾಂ ಎಂದರೆ ನಾಲ್ಕು ರೂಪಾಯಿ, ಐದು ಮಂದಿಯ ಮನೆಗೆ ದಿನಕ್ಕೆ 20 ರೂಪಾಯಿ. ಕೂಲಿನಾಲಿ ಮಾಡುವವರಿಗೆ ಇದು ಸಣ್ಣ ಮೊತ್ತವಲ್ಲ. ಅಂಥ ದಿನಗಳಲ್ಲಿ ಉಳ್ಳಾಗಡ್ಡಿ ಅದೇ ಕೆಲಸ ಮಾಡುತ್ತದೆ ಎಂಬುದು ಮೈಸೂರಿನ ಅಧ್ಯಯನ ಕೊಟ್ಟ ಸಮಾಧಾನ. 300 ಗ್ರಾಂ ಹಿಟ್ಟಿನ ರೊಟ್ಟಿಗೆ ಒಂದು ಗಡ್ಡೆ ಉಳ್ಳಾಗಡ್ಡಿ ಸಾಕು. ಏನೂ ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಉಂಡು ಕೈತೊಳೆದ ಕೂಡಲೇ ಚಹಾ ಕುಡಿದರೆ ಬಳ್ಳೊಳ್ಳಿ ಬಿಡಿಸಿದ್ದನ್ನು ಚಹಾ ಮತ್ತೆ ಹಿಡಿದಂತೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಅಂತರ ಬೇಕು.

ಬಳ್ಳೊಳ್ಳಿ ಬಿಡಿಸಿಕೊಡುವುದು ತಾಟಿನಲ್ಲಿ ಇರುವುದನ್ನು ಮಾತ್ರ, ಇಲ್ಲದ್ದನ್ನು ಅದು ತರಲಾರದು. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ಜೋಳದಲ್ಲಿ ನಾಲ್ಕು ಇದೆ. ರೊಟ್ಟಿಯ ಜಾಗಕ್ಕೆ ಮೂರು ಹೊತ್ತೂ ಅನ್ನ ಬಂದು ಕೂತರೆ ಬಳ್ಳೊಳ್ಳಿಗೆ ಮಾಡಲು ಕೆಲಸವೇ ಉಳಿಯದು. ಆದ್ದರಿಂದ ಬಳ್ಳೊಳ್ಳಿಯ ಪರವಾದ ನನ್ನ ವಾದ ಇಡೀ ತಾಟಿನ ಪರವಾದ ವಾದ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಬ್ಯಾಳಿ, ಕರಿ ಎರೆಯ ಹಿಂಗಾರಿ ಜೋಳ, ಹೊಲದ ಸೊಪ್ಪು, ಹಿಂಡಿ ಇವು ಒಂದಕ್ಕೊಂದು ಆಸರೆಯಾಗಿ ನಿಂತಿವೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಸಿಗುತ್ತಿದೆ. ಈ ಮೂರು ತಾಲ್ಲೂಕುಗಳ ಅಂಗನವಾಡಿಗಳಲ್ಲಿ ಆ ಊಟಕ್ಕೆ ಜೋಳದ ರೊಟ್ಟಿ, ಬಳ್ಳೊಳ್ಳಿ ಜಜ್ಜಿ ಹಾಕಿದ ಬ್ಯಾಳಿ, ಒಂದು ಹೋಳು ನಿಂಬೆ ಸೇರಲಿ, ಉಂಡ ಮೇಲೆ ಮಾತ್ರೆಯೂ ತಪ್ಪದಿರಲಿ. ಕೇಳಲು ಇದು ಸಣ್ಣ ಬೇಡಿಕೆ. ಇದನ್ನು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ, ಕೇಳಲು ಬೇಕಾದ ಆಧಾರವೂ ಈಗ ನಮ್ಮ ಕೈಯಲ್ಲಿದೆ.