ಆಯದಿಂದ ಕರಪತ್ರಕ್ಕೆ



‘ಮೊದಲ ಐದು ಬಟ್ಟೆಗೆ ಇಸ್ತ್ರಿ ಉಚಿತ’ ಎಂಬ ಕರಪತ್ರ ಬೆಳಗಿನ ಪತ್ರಿಕೆಯೊಳಗಿಂದ ಜಾರಿ ಬಿದ್ದರೆ ಇಂದು ದೊಡ್ಡಬಳ್ಳಾಪುರದಲ್ಲಾಗಲಿ, ದೇವನಹಳ್ಳಿಯಲ್ಲಾಗಲಿ ಯಾರಿಗೂ ಅಚ್ಚರಿಯಿಲ್ಲ. ಆದರೆ ನಮ್ಮ ಹಳ್ಳಿಗಳ ಮಡಿವಾಳನಿಗೆ ಹಿಂದೆ ಜಾಹೀರಾತೇ ಬೇಕಿರಲಿಲ್ಲ. ಏಕೆ?

ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಯಾರ ಮನೆಯ ಬಟ್ಟೆ ಯಾರು ಒಗೆಯಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನ. ಕೂಲಿ, ಸುಗ್ಗಿಯ ಕಣದಲ್ಲಿ ಅಳೆದು ಕೊಟ್ಟ ರಾಗಿ. ಗಿರಾಕಿ ತಪ್ಪಿಹೋಗುವ ಭಯವಿರಲಿಲ್ಲ, ನಿಜ. ‘ಒಗೆಯಲಾರೆ’ ಎನ್ನುವ ಹಕ್ಕೂ ಇರಲಿಲ್ಲ. 12ನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಈ ಕಾಯಕಕ್ಕೆ ಘನತೆ ತಂದರೂ ಊರಿನ ಕಟ್ಟುಪಾಡು ಸಡಿಲಲಿಲ್ಲ.

ಮುಂದೆ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಅವುಗಳ ಜಾಹೀರಾತು ಕರೆದದ್ದು ಗೃಹಿಣಿಯನ್ನು. ಬಟ್ಟೆ ಮನೆಯ ಬಚ್ಚಲಿನಲ್ಲೇ ಉಳಿಯಿತು. ಮಡಿವಾಳನ ಪಾಲಿಗೆ ಹೆಚ್ಚಾಗಿ ಇಸ್ತ್ರಿಯಷ್ಟೇ ಉಳಿಯಿತು. ಈಗ ಯಂತ್ರದ ಲಾಂಡ್ರಿಗಳು ರಿಯಾಯಿತಿ ಸಾರುತ್ತಿವೆ. ಕರಪತ್ರ ಅಚ್ಚು ಹಾಕಿಸಲು ಕಾಸಿಲ್ಲದ ತಳ್ಳುಗಾಡಿಯವನು ಏನು ಮಾಡಬೇಕು?

ಹಿಂದೆ ಕರಿಗೇರಿನ ರಸದಿಂದ ಬಟ್ಟೆಯ ಅಂಚಿಗೆ ಅಳಿಸದ ಗುರುತು ಹಾಕುತ್ತಿದ್ದರು. ಯಾರ ಬಟ್ಟೆ ಯಾರಿಗೆ ಎಂಬ ಲೆಕ್ಕ ಅದರಲ್ಲಿತ್ತು. ರಿಯಾಯಿತಿ ಮೊದಲ ಗಂಟನ್ನು ತಂದೀತು. ಎರಡನೆಯ ಗಂಟನ್ನು ತರುವುದು ಎಣಿಕೆ ತಪ್ಪದೆ, ಹೇಳಿದ ದಿನ ಮರಳಿದ ಬಟ್ಟೆ. ಆ ಜಾಹೀರಾತಿಗೆ ಬಂಡವಾಳ ಬೇಕಿಲ್ಲ.