ಕನ್‌ಕ್ಲೂಸಿವ್ ಎಂಬ ಒಂದು ಪದ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಎಂಜಿನಿಯರ್ ಆದವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದುಕೊಂಡಿರಬಹುದು. ನಾನು ಒಂದು ಇಂಗ್ಲಿಷ್ ಪದದ ಬಗ್ಗೆ ಹೇಳುತ್ತೇನೆ: ಕನ್‌ಕ್ಲೂಸಿವ್. ಪುರಾವೆಯ ಜೊತೆ ಬರುವ ವಿಶೇಷಣ. ಕನ್ನಡದಲ್ಲಿ ‘ನಿರ್ಣಾಯಕ’. ಸಂಶಯಕ್ಕೆ ಇನ್ನು ಎಡೆಯಿಲ್ಲ ಎಂದು ಅರ್ಥ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, 2012ರ ಜನವರಿಯಲ್ಲಿ, ದಿನಗೂಲಿಯವರ ಹಾಜರಿ ಎಣಿಸಿ ಸಂಬಳ ಲೆಕ್ಕ ಹಾಕುವ ಪ್ರೋಗ್ರಾಂ ಬರೆದೆ. ನೂರು ಸಲ ಪರೀಕ್ಷಿಸಿದೆ, ನೂರು ಸಲವೂ ಸರಿ. ವರದಿಯಲ್ಲಿ ‘ಕನ್‌ಕ್ಲೂಸಿವ್ ಪ್ರೂಫ್’ ಎಂದು ಬರೆದೆ. ಫೆಬ್ರವರಿ 29 ಬಂತು. ಆ ದಿನ ದುಡಿದವರ ಕೂಲಿ ಲೆಕ್ಕಕ್ಕೇ ಬರಲಿಲ್ಲ! ನನ್ನ ತಂದೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಲೋಡಿಂಗ್ ಕೆಲಸ ಮಾಡಿದವರು. ಒಂದು ದಿನದ ಕೂಲಿ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ರಾತ್ರಿಯಿಡೀ ಕೂತು ಸರಿಮಾಡಿದೆ.

ಆ ರಾತ್ರಿ ನಮ್ಮ ಗಣಿತದ ಮಾಸ್ಟ್ರು ನೆನಪಾದರು. ತ್ರಿಭುಜದ ಕೋನಗಳನ್ನು ಅಳೆದು, “180 ಬಂತು ಸರ್” ಎಂದರೆ, “ಅಳೆದದ್ದು ಸಾಧನೆಯಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಬರೆಯಿರಿ” ಎನ್ನುತ್ತಿದ್ದರು. ಕನ್‌ಕ್ಲೂಸಿವ್ ಪದವನ್ನು ಅವರು ಒಮ್ಮೆಯೂ ಬಳಸಲಿಲ್ಲ, ಅರ್ಥವನ್ನು ಮಾತ್ರ ಕಲಿಸಿದ್ದರು.

3, 5, 17, 257, 65537. ಒಂದು ಕಳೆದು, ವರ್ಗ ಮಾಡಿ, ಒಂದು ಕೂಡಿಸಿದರೆ ಮುಂದಿನ ಸಂಖ್ಯೆ. ಐದೂ ಅವಿಭಾಜ್ಯ. ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು ಮಹಾ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಮುಂದಿನ ಸಂಖ್ಯೆ 4294967297 ಅನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆಂದು ತೋರಿಸಿದರು. ಐದು ಉದಾಹರಣೆ ನಿರ್ಣಾಯಕವಾಗಲಿಲ್ಲ, ಒಂದು ವಿರುದ್ಧ ಉದಾಹರಣೆ ನಿರ್ಣಾಯಕವಾಯಿತು. ನನ್ನ ಪ್ರೋಗ್ರಾಮಿಗೆ ಫೆಬ್ರವರಿ 29 ಆದ ಹಾಗೆ.

ಕಾನೂನೂ ಈ ಪದವನ್ನು ಅಳೆದು ಬಳಸುತ್ತದೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 4ನೇ ಕಲಮಿನ ಪ್ರಕಾರ, ಒಂದು ಸಂಗತಿ ಇನ್ನೊಂದಕ್ಕೆ ನಿರ್ಣಾಯಕ ರುಜುವಾತು ಎಂದಾದರೆ, ಅದನ್ನು ಅಲ್ಲಗಳೆಯುವ ಸಾಕ್ಷ್ಯ ನೀಡಲು ನ್ಯಾಯಾಲಯ ಬಿಡುತ್ತಿರಲಿಲ್ಲ. ಬಾಗಿಲು ಮುಚ್ಚುವ ಪದ ಅದು. ಉಳಿದ ಕಡೆ ‘ಬಲವಾದ ಸಾಕ್ಷಿ’ ಎಂದರೆ ಸಾಕು.

ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಇಂಗ್ಲಿಷಿಗೆ ಬಂದದ್ದು 31. ಅದು ಸಾಕ್ಷಿ ಹೌದು. ಆದರೆ ನಿರ್ಣಾಯಕವೆಂದು ಈ ಶಾಲೆಯ ಯಾವ ಟೀಚರೂ ಬರೆಯಲಿಲ್ಲ. ಇಂದು ನಾನು ಇಲ್ಲಿ ನಿಂತು ಒಂದು ಇಂಗ್ಲಿಷ್ ಪದದ ಬಗ್ಗೆ ಮಾತನಾಡುತ್ತಿರುವುದು ಅದರಿಂದಲೇ.